ಕಾಫಿ ತೋಟದ ಟ್ರೇಲರ್ ಎಳೆಯಲು ಹಳೆಯ ಡೀಸೆಲ್ ಜೀಪ್ ಕೊಳ್ಳುವುದು ಹೇಗೆ? ಕೊಡಗಿನ ಏರು-ಇಳಿಜಾರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹಳೆಯ ಗಾಡಿ ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. "ಇಂಜಿನ್ ಹೇಗಿದೆ?" ಅಂತ ಕೇಳುತ್ತಾರೆ. ಟ್ರೇಲರ್ ಎಳೆಯಲು ಕೊಳ್ಳುವುದಾದರೆ ಇಂಜಿನ್‌ಗೆ ನಾನು ಮೂರನೇ ಜಾಗ ಕೊಡುತ್ತೇನೆ. ಮೊದಲು ಚಾಸಿ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು, ಆಮೇಲೆ ಬ್ರೇಕ್. ಎಳೆಯುವ ಶಕ್ತಿ ಕಡಿಮೆಯಾದರೆ ಗಾಡಿ ಏರಿನಲ್ಲಿ ನಿಂತುಬಿಡುತ್ತದೆ. ನಾಲ್ಕು ಮೂಟೆ ಇಳಿಸಿ ಮತ್ತೆ ಹೊರಡಬಹುದು. ಆದರೆ ಇಳಿಜಾರಿನಲ್ಲಿ ಹಿಂದಿನಿಂದ ಟ್ರೇಲರ್ ನೂಕುವಾಗ ಬ್ರೇಕ್ ಹಿಡಿಯದಿದ್ದರೆ ಏನೂ ಮಾಡಲಾಗುವುದಿಲ್ಲ. ಕೊಡಗಿನಲ್ಲಿ ಯಾವ ತೋಟಕ್ಕೆ ಹೋದರೂ ಏರು ಇದ್ದಲ್ಲಿ ಇಳಿಜಾರೂ ಇದೆ. ಆದ್ದರಿಂದ ಇಳಿಯುವುದಕ್ಕೆ ಯೋಗ್ಯವಾದ ಗಾಡಿಯನ್ನು ಹುಡುಕಿ. ಅಂಥ ಗಾಡಿ ಏರುವುದಕ್ಕೂ ಸಾಮಾನ್ಯವಾಗಿ ಸಾಕಾಗುತ್ತದೆ.

ಮೊದಲು ಭಾರದ ಲೆಕ್ಕ ಹಾಕಿ

ಗಾಡಿ ಹುಡುಕುವ ಮೊದಲು ಒಂದು ಕಾಗದ ತೆಗೆದುಕೊಂಡು ಏನನ್ನು ಎಳೆಯುತ್ತೀರಿ ಅಂತ ಬರೆಯಿರಿ. ಒಣ ಚೆರ್ರಿ ಮೂಟೆ 50 ಕೆಜಿ. 20 ಮೂಟೆ ಅಂದರೆ 1000 ಕೆಜಿ. 1000 ಲೀಟರ್ ನೀರಿನ ಟ್ಯಾಂಕ್ ಅಂದರೂ ಅಷ್ಟೇ ಭಾರ. ಜೊತೆಗೆ ನೀರು ಒಳಗೇ ಆಡುತ್ತದೆ, ಹಾಗಾಗಿ ಅರ್ಧ ತುಂಬಿದ ಟ್ಯಾಂಕ್ ತಿರುವಿನಲ್ಲಿ ಇನ್ನೂ ಕಷ್ಟ. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟಾಗ ಸ್ಪ್ರಿಂಕ್ಲರ್ ಪೈಪ್ ಮತ್ತು ಡೀಸೆಲ್ ಪಂಪ್‌ಸೆಟ್ ಸಾಗಿಸಬೇಕಲ್ವಾ, ಅದನ್ನೂ ಸೇರಿಸಿ. ಕೊನೆಗೆ ಖಾಲಿ ಟ್ರೇಲರ್‌ನ ಭಾರ. ಕಬ್ಬಿಣದ ಒಂದೇ ಆ್ಯಕ್ಸಲ್‌ನ ಟ್ರೇಲರ್ 350-400 ಕೆಜಿ ತೂಗಿದರೆ ಆಶ್ಚರ್ಯವಿಲ್ಲ. ಯಾವುದಾದರೂ ವೇ ಬ್ರಿಡ್ಜ್‌ನಲ್ಲಿ ಒಮ್ಮೆ ತೂಗಿಸಿಬಿಡಿ.

ಈಗ ಇಳಿಜಾರು. ಹತ್ತು ಮೀಟರ್ ಹೋಗುವಷ್ಟರಲ್ಲಿ ಒಂದು ಮೀಟರ್ ಏರುವ ರಸ್ತೆಯಲ್ಲಿ, ಗಾಡಿ ಮತ್ತು ಟ್ರೇಲರ್‌ನ ಒಟ್ಟು ಭಾರದ ಸುಮಾರು ಹತ್ತನೇ ಒಂದು ಪಾಲು ಹಿಂದಕ್ಕೆ ಜಗ್ಗುತ್ತದೆ. 1700 ಕೆಜಿ ಗಾಡಿ, 1400 ಕೆಜಿ ಟ್ರೇಲರ್ ಅಂದರೆ 310 ಕೆಜಿ ಜಗ್ಗಾಟ. ಅದೇ ರಸ್ತೆಯಲ್ಲಿ ಇಳಿಯುವಾಗ ಅಷ್ಟೇ ಬಲ ಮುಂದಕ್ಕೆ ನೂಕುತ್ತದೆ. ತೋಟದೊಳಗಿನ ಮಣ್ಣಿನ ದಾರಿಗಳು ಎಷ್ಟೋ ಕಡೆ ಇದಕ್ಕಿಂತ ಕಡಿದು.

ತೋಟದ ಟ್ರೇಲರ್‌ಗಳಲ್ಲಿ ಹೆಚ್ಚಿನವಕ್ಕೆ ಬ್ರೇಕೇ ಇರುವುದಿಲ್ಲ. ಎರಡರ ಭಾರವನ್ನೂ ಗಾಡಿಯ ಬ್ರೇಕೇ ಹೊರಬೇಕು. ಬ್ರೇಕಿಲ್ಲದ ಟ್ರೇಲರ್‌ಗೆ ಯುರೋಪಿನಲ್ಲಿ 750 ಕೆಜಿ ಮಿತಿ ಇದೆ. ಅದು ಎಳೆಯುವ ಗಾಡಿಯ ಭಾರದ ಅರ್ಧವನ್ನೂ ಮೀರಬಾರದು. ನಮ್ಮ ಘಾಟಿಗೆ ಇದಕ್ಕಿಂತ ಸಡಿಲ ಲೆಕ್ಕ ಬೇಡ. ಅಂದರೆ 1700 ಕೆಜಿ ಜೀಪಿಗೆ ಬ್ರೇಕಿಲ್ಲದ ಟ್ರೇಲರ್ ಸಿಕ್ಕಿಸಿದರೆ ಏಳೆಂಟು ಮೂಟೆ ಸಾಕು. 20 ಮೂಟೆ ಹಾಕಲೇಬೇಕು ಅಂದರೆ ಟ್ರೇಲರ್‌ಗೆ ಬ್ರೇಕ್ ಹಾಕಿಸಿ, ಇಲ್ಲವೇ ಪಿಕಪ್ ಬಾಡಿಗೆಗೆ ಕರೆಯಿರಿ. ವರ್ಷಕ್ಕೆ ಎರಡೇ ಸಲ ಕ್ಯೂರಿಂಗ್‌ಗೆ (ಸಂಸ್ಕರಣೆಗೆ) ಕಾಫಿ ಸಾಗಿಸುವವರಿಗೆ ಬಾಡಿಗೆಯೇ ಅಗ್ಗ. ಈ ಲೆಕ್ಕ ಮಾಡಿದ ಮೇಲೆ ಗಾಡಿ ಬೇಡವೆಂದು ಅನಿಸಿದರೂ ನಷ್ಟವಿಲ್ಲ.

ಯಾವ ಗಾಡಿ?

ಮೂರು ಗುಣ ಬೇಕು: ಪ್ರತ್ಯೇಕ ಚಾಸಿಯ ಮೇಲೆ ಕೂತ ಬಾಡಿ, ಹಿಂದಿನ ಚಕ್ರಕ್ಕೆ ಡ್ರೈವ್, ಸಾಧ್ಯವಾದರೆ ಲೋ ಗೇರ್ (ನಿಧಾನಕ್ಕೆ, ಹೆಚ್ಚು ಬಲದಿಂದ ಎಳೆಯುವ ಹೆಚ್ಚುವರಿ ಗೇರ್) ಇರುವ ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಡ್ರೈವ್. ನೋಡಲು ದೊಡ್ಡದಾಗಿದೆ ಅಂತ ಚಾಸಿ ಇಲ್ಲದ ಗಾಡಿ ಕೊಳ್ಳಬೇಡಿ. ಎಕ್ಸ್‌ಯುವಿ 500, ಡಸ್ಟರ್ ಇಂಥವು ಹೆದ್ದಾರಿಗೆ ಒಳ್ಳೆಯ ಗಾಡಿಗಳೇ. ಆದರೆ ತೋಟದ ಟ್ರೇಲರ್ ಅವುಗಳ ಕೆಲಸ ಅಲ್ಲ.

ಲೋ ಗೇರ್‌ಗೆ ನಾನು ಯಾಕೆ ಇಷ್ಟು ಬೆಲೆ ಕೊಡುತ್ತೇನೆ ಅಂದರೆ, ಅದು ಕ್ಲಚ್ ಉಳಿಸುತ್ತದೆ. ಏರಿನಲ್ಲಿ ನಿಂತ ಟ್ರೇಲರನ್ನು ಮಾಮೂಲಿ ಫಸ್ಟ್ ಗೇರ್‌ನಲ್ಲಿ ಎಬ್ಬಿಸಲು ಕ್ಲಚ್ ಸುಡಬೇಕು. ಲೋನಲ್ಲಿ ಹಾಕಿದರೆ ಕಾಲು ತೆಗೆದ ಕೂಡಲೇ ಗಾಡಿ ನಿಧಾನಕ್ಕೆ ತೆವಳಿ ಹೊರಡುತ್ತದೆ. ಇಳಿಯುವಾಗಲೂ ಬ್ರೇಕ್ ಮುಟ್ಟದೆ ಇಂಜಿನ್ನೇ ಹಿಡಿದುಕೊಳ್ಳುತ್ತದೆ.

2010ರಿಂದ 2020ರವರೆಗೆ ಬಂದ ಹಳೆಯ ಮಹೀಂದ್ರ ಥಾರ್ ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್) ನನ್ನ ಮೊದಲ ಆಯ್ಕೆ. 2.5 ಲೀಟರ್ ಇಂಜಿನ್, 105 ಎಚ್‌ಪಿ, 247 ನ್ಯೂಟನ್ ಮೀಟರ್, ಹಿಂದೆ ಲೀಫ್ ಪ್ಲೇಟ್ (ಪಟ್ಟಿ ಸ್ಪ್ರಿಂಗ್), ಲೋ ಗೇರ್. ಕುಳಿತುಕೊಳ್ಳಲು ಸುಖವಿಲ್ಲ, ಮಳೆ ಒಳಗೆ ಬರುತ್ತದೆ, ಆದರೂ ಕೆಲಸಕ್ಕೆ ಹೇಳಿಮಾಡಿಸಿದ ಗಾಡಿ. ಅದರದೇ ಡಿಐ ಮಾದರಿಯ ಇಂಜಿನ್ ಇನ್ನೂ ಸರಳ. ಏರಿನಲ್ಲಿ ನಿಧಾನ, ಆದರೆ ಗೋಣಿಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ಯಾವ ಹಳೆಯ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸುತ್ತಾರೆ.

ಬೊಲೆರೊ ಎಲ್ಲ ಕಡೆ ಸಿಗುತ್ತದೆ, ಬಿಡಿಭಾಗ ಅಗ್ಗ, ಹಿಂದೆ ಲೀಫ್ ಪ್ಲೇಟ್. ಆದರೆ ಹೆಚ್ಚಿನವು ಟೂ ವೀಲ್. ಹಗುರ ಟ್ರೇಲರ್‌ಗೆ, ಟಾರು ರಸ್ತೆಗೆ ಸಾಕು. ಫೋರ್ ವೀಲ್ ಬೊಲೆರೊ ಸಿಕ್ಕಿದರೆ ಬಿಡಬೇಡಿ. ಎಂಹಾಕ್ ಇಂಜಿನ್‌ನ ಸ್ಕಾರ್ಪಿಯೊ, ಟಾಟಾ ಸಫಾರಿ ಸ್ಟಾರ್ಮ್ ಎರಡೂ ಎಳೆಯುವುದರಲ್ಲಿ ಬಲಶಾಲಿ. ಸ್ಟಾರ್ಮ್‌ನ 400 ನ್ಯೂಟನ್ ಮೀಟರ್ ಮಾದರಿ ಮಡಿಕೇರಿ ಏರನ್ನು ಲೆಕ್ಕಕ್ಕೇ ಇಡುವುದಿಲ್ಲ. ಇವೆರಡರಲ್ಲೂ ಹಿಂದೆ ಕಾಯಿಲ್ ಸ್ಪ್ರಿಂಗ್. ಟ್ರೇಲರ್‌ನ ಮೂತಿಯ ಭಾರ ಬಿದ್ದಾಗ ಹಿಂಭಾಗ ಕುಗ್ಗುತ್ತದೆ, ಅದನ್ನು ಗಮನಿಸಿ. ಇಸುಝು ವಿ-ಕ್ರಾಸ್ ಗಟ್ಟಿ ಗಾಡಿ, ಆದರೆ ಉದ್ದ ಜಾಸ್ತಿ. ತೋಟದ ತಿರುವಿನಲ್ಲಿ ಟ್ರೇಲರ್ ಸಮೇತ ತಿರುಗಿಸಲು ಜಾಗ ಇದೆಯಾ ನೋಡಿಕೊಳ್ಳಿ. ಫೋರ್ಡ್ ಎಂಡೆವರ್ ಎಳೆಯುವುದರಲ್ಲಿ ಇವೆಲ್ಲಕ್ಕಿಂತ ಮುಂದೆ. 2021ರಲ್ಲಿ ಕಂಪನಿ ಇಲ್ಲಿ ತಯಾರಿಕೆ ನಿಲ್ಲಿಸಿದ್ದರಿಂದ ತೋಟದ ದುಡಿಮೆಗೆ ನಾನು ಅದನ್ನು ಹೇಳುವುದಿಲ್ಲ.

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಾಲಿನ್ಯದ ಹೊಸ ಮಾನದಂಡ) ಡೀಸೆಲ್ ಗಾಡಿಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಆ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಹೆದ್ದಾರಿಯಲ್ಲಿ ಬಿಸಿಯಾಗಿ ಓಡಬೇಕು. ಕಣದಿಂದ ಲೈನ್‌ಮನೆಗೆ, ಲೈನ್‌ಮನೆಯಿಂದ ಗೋದಾಮಿಗೆ ಅಂತ ದಿನವಿಡೀ ಫಸ್ಟ್-ಸೆಕೆಂಡ್ ಗೇರ್‌ನಲ್ಲೇ ತಿರುಗಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಮೈಸೂರಿಗೆ ಹೋಗುವವರಿಗೆ ತೊಂದರೆ ಇಲ್ಲ. ತೋಟ ಬಿಟ್ಟು ಆಚೆ ಹೋಗದ ಗಾಡಿಗೆ ಬಿಎಸ್4 ಅಥವಾ ಅದಕ್ಕೂ ಹಳೆಯದೇ ಮೇಲು.

ಬ್ಯಾರಲ್‌ನಲ್ಲಿ ಡೀಸೆಲ್ ಇಟ್ಟು ಬಳಸುವ ತೋಟದವರಿಗೆ ಇನ್ನೊಂದು ಎಚ್ಚರಿಕೆ. ನಮ್ಮ ಮಳೆಗಾಲದ ತೇವಕ್ಕೆ ಬ್ಯಾರಲ್‌ನೊಳಗೆ ನೀರು ಕಟ್ಟುತ್ತದೆ. ಹಳೆಯ ಡಿಐ ಇಂಜಿನ್ ಸ್ವಲ್ಪ ಮಟ್ಟಿಗೆ ಸಹಿಸಿಕೊಂಡೀತು. ಕಾಮನ್ ರೈಲ್ ಇಂಜಿನ್‌ನ ಇಂಜೆಕ್ಟರ್ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಅದಕ್ಕೆ ನೀರು, ಕಸ ಎರಡೂ ಆಗದು. ಅದರ ರಿಪೇರಿ ಬಿಲ್ ದೊಡ್ಡದು.

ಹೋಗುವ ಮೊದಲು ಕಾಗದ ನೋಡಿ

ಆರ್‌ಸಿ ಫೋಟೋ ತರಿಸಿಕೊಳ್ಳಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನ, ವಿಮೆ, ಸಾಲ ಇದೆಯೇ ಎಂಬುದು ಕಾಣುತ್ತದೆ. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರಬೇಕು.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಪರೀಕ್ಷೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 14 ವರ್ಷದ ಗಾಡಿ ಅಗ್ಗಕ್ಕೆ ಸಿಗುವುದು ಇದಕ್ಕೇ. ಆ ಖರ್ಚನ್ನು ಬೆಲೆಗೆ ಸೇರಿಸಿ ನೋಡಿ. ಬೊಲೆರೊ ಕ್ಯಾಂಪರ್‌ನಂಥ ಪಿಕಪ್ ಸಾಮಾನ್ಯವಾಗಿ ಗೂಡ್ಸ್ ಗಾಡಿಯಾಗಿ ನೋಂದಣಿ ಆಗಿರುತ್ತದೆ. ಅದಕ್ಕೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು.

ಕೆಎ 12 ಅಂದರೆ ಮಡಿಕೇರಿ ನೋಂದಣಿ. ಗಾಡಿ ಇಲ್ಲೇ ಇದ್ದದ್ದು, ಹಳೆಯ ಮಾಲೀಕರನ್ನು ವಿಚಾರಿಸುವುದು ಸುಲಭ. ಜೊತೆಗೆ ಅಷ್ಟೂ ವರ್ಷ ನಮ್ಮ ಮಳೆ ತಿಂದಿದೆ ಎಂಬುದೂ ನೆನಪಿರಲಿ. ಕಣ್ಣೂರು, ಮಂಗಳೂರು ಕಡೆಯ ಗಾಡಿಗೆ ಕಡಲ ಉಪ್ಪುಗಾಳಿಯ ತುಕ್ಕು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ನಿರ್ಬಂಧ ಹಾಕಿದ ಮೇಲೆ ಅಲ್ಲಿಯ ಗಾಡಿಗಳು ದಕ್ಷಿಣಕ್ಕೆ ಬರತೊಡಗಿದವು. ಅವುಗಳ ಚಾಸಿ ಒಣಗಿ ಚೆನ್ನಾಗಿರುತ್ತದೆ. ಆದರೆ ಬೇರೆ ರಾಜ್ಯದ ಗಾಡಿಗೆ ಎನ್‌ಒಸಿ ತರಿಸಿ, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಿ, ಹೊಸ ನಂಬರ್ ಮಾಡಿಸಬೇಕು. ಎಷ್ಟೋ ಸಲ ಅಗ್ಗದ ಗಾಡಿ ಅಲ್ಲಿಗೆ ದುಬಾರಿಯಾಗುತ್ತದೆ. ಮುಂಗಡ ಕೊಡುವ ಮೊದಲೇ ಮಡಿಕೇರಿ ಆರ್‌ಟಿಒದಲ್ಲಿ ಟ್ಯಾಕ್ಸ್ ಎಷ್ಟು ಅಂತ ಕೇಳಿ.

ಗಾಡಿಯ ಕೆಳಗೆ ಮಲಗಿ ನೋಡಿ

ಒಂದು ಗೋಣಿ, ಟಾರ್ಚ್, ಸಣ್ಣ ಸುತ್ತಿಗೆ, ಸ್ಕ್ರೂ ಡ್ರೈವರ್ ತೆಗೆದುಕೊಂಡು ಹೋಗಿ. ಮಡಿಕೇರಿ ಸುತ್ತ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾಸಿಯ ಮಡಿಕೆಗಳಲ್ಲಿ ಕೆಸರು ಒದ್ದೆಯಾಗಿಯೇ ಕೂತಿರುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಕಬ್ಬಿಣ ತೆಳ್ಳಗಾಗಿರಬಹುದು.

ಚಾಸಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತುಕ್ಕು ತಿಂದ ಕಡೆ ಸದ್ದು ಮಂದ. ಅಲ್ಲಿ ಸ್ಕ್ರೂ ಡ್ರೈವರ್ ಒತ್ತಿ ನೋಡಿ. ಹಿಂದಿನ ಲೀಫ್ ಪ್ಲೇಟ್‌ನ ಶ್ಯಾಕಲ್ (ಪ್ಲೇಟನ್ನು ಚಾಸಿಗೆ ಸೇರಿಸುವ ಕೊಂಡಿ) ಕೂರುವ ಜಾಗ, ಬಾಡಿ ಕೂರುವ ರಬ್ಬರ್‌ಗಳ ಸುತ್ತ, ಹಿಂದಿನ ಕೊನೆಯ ಅಡ್ಡಪಟ್ಟಿ, ಈ ಮೂರು ಜಾಗಕ್ಕೆ ಜಾಸ್ತಿ ಹೊತ್ತು ಕೊಡಿ. ಟ್ರೇಲರ್‌ನ ಜಗ್ಗಾಟ ಎಲ್ಲ ಬೀಳುವುದು ಆ ಕೊನೆಯ ಅಡ್ಡಪಟ್ಟಿಯ ಮೇಲೆ. ಹೊಸದಾಗಿ ದಪ್ಪಗೆ ಬಳಿದ ಕಪ್ಪು ಕೋಟಿಂಗ್ ಕಂಡರೆ ಅನುಮಾನ ಪಡಿ. ಚಾಸಿಗೆ ವೆಲ್ಡಿಂಗ್ ಆಗಿದ್ದರೆ ಯಾಕೆ ಅಂತ ಕೇಳಿ. ಹಿಂದೆ ಹುಕ್ ಇತ್ತು, ಈಗ ಕಿತ್ತಿದ್ದಾರೆ ಅನ್ನುವುದು ವೆಲ್ಡಿಂಗ್ ಗುರುತಿನಿಂದಲೇ ಗೊತ್ತಾಗುತ್ತದೆ. ಹುಕ್ ಇತ್ತು ಅಂದರೆ ಗಾಡಿ ಈಗಾಗಲೇ ಎಳೆದು ದಣಿದಿದೆ ಅಂತ ಅರ್ಥ. ಕ್ಲಚ್, ಕ್ರೌನ್ ಪಿನಿಯನ್ (ಹಿಂದಿನ ಆ್ಯಕ್ಸಲ್‌ನೊಳಗಿನ ಗೇರ್ ಜೋಡಿ) ಎರಡನ್ನೂ ಇನ್ನಷ್ಟು ಗಮನವಿಟ್ಟು ನೋಡಿ. ಚಾಸಿಯೇ ಬಿರುಕು ಬಿಟ್ಟಿದ್ದರೆ ಬೆಲೆ ಎಷ್ಟು ಇಳಿಸಿದರೂ ಬೇಡ.

ಚಾಸಿ ನಂಬರ್ ಓದಲು ಬರುತ್ತದೆಯೇ ನೋಡಿ. ವರ್ಗಾವಣೆಗೆ ಅದರ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ತುಕ್ಕು ನಂಬರನ್ನೇ ತಿಂದಿದ್ದರೆ ಮುಂದೆ ಅಲೆದಾಟ.

2018ರ ಆಗಸ್ಟ್‌ನ ಭೂಕುಸಿತ ಮತ್ತು ನೆರೆ, 2019ರ ನೆರೆ ಎರಡರಲ್ಲೂ ಇಲ್ಲಿ ಅನೇಕ ಗಾಡಿಗಳು ನೀರು ಕಂಡವು. 2018ರಲ್ಲಿ ಕೇರಳದಲ್ಲೂ ಹಾಗೆಯೇ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಕೊನೆಯ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಗಾಡಿ ಮುಳುಗಿತ್ತು. ಫ್ಯೂಸ್ ಬಾಕ್ಸ್, ಹೆಡ್‌ಲೈಟ್ ಒಳಗೆ, ಮ್ಯಾಟ್ ಕೆಳಗೆ ಕೂಡ ನೋಡಿ. ಹಿಂದಿನ ಹೌಸಿಂಗ್‌ನ (ಆ್ಯಕ್ಸಲ್ ಮತ್ತು ಅದರ ಗೇರ್ ಇರುವ ಗೂಡಿನ) ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ.

ಮಾಂದಲಪಟ್ಟಿಯಂಥ ಕಡೆ ಪ್ರವಾಸಿಗರನ್ನು ಹತ್ತಿಸಿದ ಜೀಪುಗಳೂ ಮಾರಾಟಕ್ಕೆ ಬರುತ್ತವೆ. ಕಿಲೋಮೀಟರ್ ಕಡಿಮೆ ಇರುತ್ತದೆ, ಆದರೆ ಆ ಕಿಲೋಮೀಟರ್ ಬಹುಪಾಲು ಕಲ್ಲುದಾರಿಯದು. ಮುಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿ ಮೇಲೆ-ಕೆಳಗೆ ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್, ಬಾಲ್ ಜಾಯಿಂಟ್ ಖರ್ಚು ಲೆಕ್ಕಕ್ಕೆ ಸೇರಿಸಿ.

ಇಂಜಿನ್ ತಣ್ಣಗಿರುವಾಗ ಹೋಗಿ

ಬೆಳಗ್ಗೆ ಬೇಗ ಹೋಗಿ, "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಡಿಸೆಂಬರ್-ಜನವರಿಯ ಮಡಿಕೇರಿ ಚಳಿಯಲ್ಲಿ ಒಂದೇ ಸೆಲ್ಫ್‌ಗೆ ಹತ್ತಿದ ಇಂಜಿನ್‌ನ ಕಂಪ್ರೆಷನ್ ಚೆನ್ನಾಗಿದೆ ಅಂತ ನಂಬಬಹುದು.

ಹೊಗೆ ನೋಡಿ. ಮೊದಲು ಸ್ವಲ್ಪ ಬಿಳಿ ಬಂದು ನಿಂತರೆ ಚಿಂತೆಯಿಲ್ಲ. ನಿಲ್ಲದೆ ಬರುತ್ತಿದ್ದರೆ ಇಂಜೆಕ್ಟರ್ ಅಥವಾ ಹೆಡ್ ಗ್ಯಾಸ್ಕೆಟ್. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಇಂಜಿನ್ ಬಿಸಿಯಾದ ಮೇಲೆ, ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಸಡಿಲ ಬಿಡಿ. ಮುಚ್ಚಳ ಕುಣಿದು ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಖಾಲಿ ಗಾಡಿ ಅದರಲ್ಲೇ ಇನ್ನೂ ವರ್ಷಗಟ್ಟಲೆ ಓಡೀತು, ಟ್ರೇಲರ್ ಕಟ್ಟಿದರೆ ಓಡದು.

ರೇಡಿಯೇಟರ್ ಮುಚ್ಚಳವನ್ನು ತಣ್ಣಗಿರುವಾಗ ಮಾತ್ರ ತೆಗೆಯಿರಿ. ನೀರಿನ ಮೇಲೆ ಎಣ್ಣೆ ತೇಲಬಾರದು. ಸುಮ್ನೆ ನೀರು ತುಂಬಿದ್ದರೆ, ಕೂಲೆಂಟ್ ಬಣ್ಣ ಇಲ್ಲದಿದ್ದರೆ, ಉಳಿದ ಕಡೆಯೂ ಆರೈಕೆ ಅಷ್ಟಕ್ಕಷ್ಟೇ. ಟರ್ಬೊ ಪೈಪಿನಲ್ಲಿ ತೆಳ್ಳಗೆ ಎಣ್ಣೆ ಸವರಿದಂತಿರುವುದು ಸಹಜ, ಒಳಗೆ ಮಡುಗಟ್ಟಿ ನಿಂತಿರಬಾರದು.

ಘಾಟಿಯಲ್ಲಿ ಓಡಿಸಿ

ಊರೊಳಗೆ ಎರಡು ಸುತ್ತು ಹೊಡೆದು ತೀರ್ಮಾನ ಮಾಡಬೇಡಿ. ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂಪಾಜೆಯಿಂದ ಕೊಯನಾಡು, ಜೋಡುಪಾಲ, ಮದೆನಾಡು ದಾಟಿ ಮಡಿಕೇರಿಗೆ ಹತ್ತಿ. ದಕ್ಷಿಣ ಕೊಡಗಿನವರಿಗೆ ಮಾಕುಟ್ಟದಿಂದ ಪೆರುಂಬಾಡಿಗೆ ಬರುವ ಏರು ಇದೆ. ಗಾಡಿಯಲ್ಲಿ ನಾಲ್ಕು ಜನ ಇದ್ದರೆ ಇನ್ನೂ ಒಳ್ಳೆಯದು. ಇಷ್ಟು ದೂರ ಏರಿದಾಗ ಬಿಸಿಯ ಮುಳ್ಳು ಮಾಮೂಲಿ ಜಾಗದಲ್ಲೇ ನಿಲ್ಲಬೇಕು. ಮೇಲೇರುತ್ತಾ ಹೋದರೆ ಟ್ರೇಲರ್‌ಗೆ ಆ ಗಾಡಿ ಆಗುವುದಿಲ್ಲ.

ಕ್ಲಚ್ ಪರೀಕ್ಷೆ ಹೀಗೆ. ಏರಿನಲ್ಲಿ ಥರ್ಡ್ ಗೇರ್‌ನಲ್ಲಿ ನಿಧಾನಕ್ಕೆ ಹೋಗುತ್ತಾ ಒಮ್ಮೆಗೇ ಆಕ್ಸಿಲರೇಟರ್ ಒತ್ತಿ. ಇಂಜಿನ್ ಸದ್ದು ಏರಿ ಗಾಡಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಇಳಿಯುವಾಗ ಎಲ್ಲಕ್ಕಿಂತ ಜಾಸ್ತಿ ಗಮನ ಬೇಕು. ಸೆಕೆಂಡ್ ಗೇರ್‌ನಲ್ಲಿ ಕಾಲು ತೆಗೆದು ಬಿಡಿ. ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿಯಬಾರದು. ಜಿಗಿದರೆ ಆ ಗಾಡಿಯನ್ನು ಅಲ್ಲಿಗೇ ಬಿಟ್ಟುಬಿಡಿ, ಯಾಕೆಂದರೆ ಟ್ರೇಲರ್ ನೂಕುವಾಗ ನಿಮ್ಮನ್ನು ಹಿಡಿದಿಡುವುದು ಆ ಗೇರ್. ಹಿಂದೆ ಯಾರೂ ಇಲ್ಲದ ಕಡೆ ಗಟ್ಟಿಯಾಗಿ ಬ್ರೇಕ್ ಹಿಡಿಯಿರಿ. ಗಾಡಿ ಒಂದು ಪಕ್ಕಕ್ಕೆ ಎಳೆಯಬಾರದು. ಕೆಳಗೆ ತಲುಪಿದ ಮೇಲೆ ಪೆಡಲ್ ಮೆತ್ತಗಾಗಿದೆಯೇ, ಸುಟ್ಟ ವಾಸನೆ ಇದೆಯೇ ನೋಡಿ. ಹಿಂದಿನ ಡ್ರಮ್‌ಗಳ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ತುಂಬಾ ಬಿಸಿ, ಇನ್ನೊಂದು ತಣ್ಣಗೆ ಅಂದರೆ ತಣ್ಣಗಿರುವುದು ಕೆಲಸ ಮಾಡುತ್ತಿಲ್ಲ. ಹೌಸಿಂಗ್‌ನ ಆಯಿಲ್ ಸೀಲ್ ಸೋರಿ ಬ್ರೇಕ್ ಲೈನರ್ ಒದ್ದೆಯಾಗಿರಲೂಬಹುದು. ಕಡಿದಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಒಂದರಲ್ಲೇ ಗಾಡಿ ನಿಲ್ಲಬೇಕು.

ಫೋರ್ ವೀಲ್ ಪರೀಕ್ಷೆಯನ್ನು ಮಣ್ಣಿನ ಮೇಲೆ ಮಾತ್ರ ಮಾಡಿ. ಟಾರಿನ ಮೇಲೆ ಹಾಕಿ ತಿರುಗಿಸಿದರೆ ಗೇರ್‌ಗಳು ಬಿಗಿದುಕೊಳ್ಳುತ್ತವೆ. ಗಾಡಿ ನಿಲ್ಲಿಸಿ ಲೋ ಹಾಕಿ, ಏರಿನಲ್ಲಿ ತೆವಳಿಸಿ ನೋಡಿ. ಲಿವರ್ ತುಕ್ಕು ಹಿಡಿದು ಅಲ್ಲಾಡದಿದ್ದರೆ ಅದನ್ನು ವರ್ಷಗಳಿಂದ ಯಾರೂ ಬಳಸಿಲ್ಲ.

ಟೈರ್‌ನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3221 ಅಂದರೆ 2021ರ 32ನೇ ವಾರ ತಯಾರಾದದ್ದು. ಫೋರ್ ವೀಲ್ ಗಾಡಿಗೆ ನಾಲ್ಕೂ ಟೈರ್ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು.

ಬೆಲೆ ಮತ್ತು ವರ್ಗಾವಣೆ

ಕಂಡ ದೋಷಗಳನ್ನು ಬರೆದು, ನಿಮ್ಮ ಮೆಕ್ಯಾನಿಕ್ ಹತ್ತಿರ ಖರ್ಚು ಕೇಳಿ, ಆಮೇಲೆ ಬೆಲೆ ಮಾತಾಡಿ. ಕೈಯಲ್ಲಿರುವ ಹಣ ಪೂರ್ತಿ ಗಾಡಿಗೇ ಹಾಕಬೇಡಿ. ಐದನೇ ಒಂದು ಪಾಲು ರಿಪೇರಿಗೆ ಇರಲಿ. ವರ್ಗಾವಣೆಯ ಫಾರಂ 29, 30ಕ್ಕೆ ಮಾರುವವರ ಸಹಿ ಆದ ಮೇಲೆಯೇ ಪೂರ್ತಿ ಹಣ. ಕಾನೂನಿನ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನೂ ಕೂಡಲೇ ನಿಮ್ಮ ಹೆಸರಿಗೆ ಮಾಡಿಸಿ.

ಹುಕ್ ಮತ್ತು ಟ್ರೇಲರ್

ಮೋಟಾರು ವಾಹನ ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಟ್ರೇಲರ್‌ಗೂ ಬೇರೆ ವಾಹನಗಳಂತೆಯೇ ನೋಂದಣಿ ಬೇಕು. ಸಾರ್ವಜನಿಕ ರಸ್ತೆಗೆ ಇಳಿಸುವುದಾದರೆ ಇದನ್ನು ಬಿಡುವಂತಿಲ್ಲ. ವಿಮೆಯಲ್ಲೂ ಟ್ರೇಲರ್ ಸೇರಿಸಿ. ಹುಕ್ ಹಾಕಿಸುವ ಮೊದಲು ಆರ್‌ಟಿಒದಲ್ಲಿ ಕೇಳಿ, ಗಾಡಿಯ ಮ್ಯಾನುಯಲ್‌ನಲ್ಲಿ ಟ್ರೇಲರ್ ಬಗ್ಗೆ ಏನು ಬರೆದಿದೆ ಅಂತಲೂ ಓದಿ.

ಹುಕ್ಕನ್ನು ಬಂಪರ್‌ಗೆ ಕೂರಿಸಬೇಡಿ. ಚಾಸಿಯ ಎರಡೂ ಪಟ್ಟಿಗೆ ಸೇರುವ ಗಟ್ಟಿ ಅಡ್ಡಪಟ್ಟಿ ಹಾಕಿಸಿ, ಒಳ್ಳೆಯ ದರ್ಜೆಯ ಬೋಲ್ಟ್‌ನಿಂದ ಬಿಗಿಸಿ. ಹಳ್ಳ-ದಿಣ್ಣೆಯ ತೋಟದ ದಾರಿಗೆ ಗುಂಡಿನ ಹುಕ್ಕಿಗಿಂತ ಕೊಕ್ಕೆ ಮತ್ತು ಬಳೆಯ ಜೋಡಣೆ ಒಳ್ಳೆಯದು. ಟ್ರೇಲರ್ ಒಂದು ಕಡೆ ವಾಲಿದರೂ ಅದು ತಿರುಚಿಕೊಳ್ಳಲು ಬಿಡುತ್ತದೆ. ಹುಕ್ ಕಳಚಿದರೂ ಹಿಡಿದುಕೊಳ್ಳುವಂತೆ ಎರಡು ಸರಪಳಿಯನ್ನು ಅಡ್ಡಡ್ಡ ಹಾಕಿ. ಹಿಂದಿನ ದೀಪ, ಇಂಡಿಕೇಟರ್ ಟ್ರೇಲರ್‌ನಲ್ಲೂ ಉರಿಯಬೇಕು. ಮಂಜು ಮುಸುಕಿದ ಸಂಜೆ ಹಿಂದೆ ಬರುವವರಿಗೆ ಬೇರೇನೂ ಕಾಣುವುದಿಲ್ಲ.

ಮೊದಲ ಲೋಡ್

ಎಳೆಯಲು ಹೊರಡುವ ಮೊದಲು ಎಲ್ಲ ಎಣ್ಣೆ ಬದಲಿಸಿ: ಇಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಹೌಸಿಂಗ್. ಬ್ರೇಕ್ ಫ್ಲೂಯಿಡ್ ಕೂಡ. ಅದು ಗಾಳಿಯ ತೇವ ಹೀರುತ್ತದೆ. ಹೀರಿದರೆ ಘಾಟಿಯ ಬಿಸಿಗೆ ಕುದಿದು ಪೆಡಲ್ ಒಳಕ್ಕೆ ಹೋಗುತ್ತದೆ.

ಮೂಟೆ ಜೋಡಿಸುವಾಗ ಆ್ಯಕ್ಸಲ್‌ಗಿಂತ ಸ್ವಲ್ಪ ಮುಂದೆ ಭಾರ ಬರಲಿ. ಒಟ್ಟು ಭಾರದ ಹತ್ತನೇ ಒಂದು ಪಾಲಿನಷ್ಟು ಹುಕ್ಕಿನ ಮೇಲೆ ಕೂರಬೇಕು. ಹಿಂದೆ ಜಾಸ್ತಿಯಾದರೆ ಟ್ರೇಲರ್ ಬಾಲ ಆಡಿಸುತ್ತದೆ. ಹಾಗೆ ಆಡಿದರೆ ಗಾಬರಿಯಿಂದ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ನೇರ ಹಿಡಿಯಿರಿ.

ಏರಲು ಯಾವ ಗೇರ್ ಬೇಕೋ ಅದೇ ಗೇರ್‌ನಲ್ಲಿ ಇಳಿಯಿರಿ, ಇಳಿಜಾರು ಶುರುವಾಗುವ ಮೊದಲೇ ಹಾಕಿಕೊಳ್ಳಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ, ಇಂಜಿನ್ ಆಫ್ ಮಾಡುವ ಅಭ್ಯಾಸ ಇರುವ ಡ್ರೈವರ್ ಕೈಗೆ ಟ್ರೇಲರ್ ಕೊಡಲೇಬೇಡಿ. ಇಂಜಿನ್ ನಿಂತರೆ ಬ್ರೇಕ್ ಬೂಸ್ಟರ್ ಕೂಡ ನಿಲ್ಲುತ್ತದೆ, ಪೆಡಲ್ ಕಲ್ಲಾಗುತ್ತದೆ.

ಮೊದಲ ಸಲ ಅರ್ಧ ಲೋಡ್ ಮಾತ್ರ ಹಾಕಿ, ಗೊತ್ತಿರುವ ದಾರಿಯಲ್ಲಿ, ಮಳೆ ಇಲ್ಲದ ದಿನ ಹೋಗಿ. ಸ್ವಲ್ಪ ದೂರ ಹೋದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಟ್ರೇಲರ್ ಚಕ್ರಕ್ಕೆ ಮರದ ತುಂಡು ಕೊಟ್ಟು, ಹುಕ್ಕಿನ ಬೋಲ್ಟ್, ಸರಪಳಿ, ಎರಡೂ ಚಕ್ರದ ಬೇರಿಂಗ್ ಬಿಸಿ ನೋಡಿ. ಹುಕ್ಕಿನ ಬೋಲ್ಟ್‌ಗಳು ಮೊದಲ ಕೆಲವು ಲೋಡ್‌ಗಳಲ್ಲಿ ಕೂತು ಸಡಿಲವಾಗುತ್ತವೆ. ಪ್ರತಿ ಸಲ ಹೊರಡುವ ಮೊದಲು ಸ್ಪ್ಯಾನರ್ ಹಾಕಿ ಒಮ್ಮೆ ಬಿಗಿಸಿ.